ಕುರ್ಚಿ ಬಿಟ್ಟೆದ್ದ ಸೊಸೆ

ಒಳಕೋಣೆಯಲ್ಲಿ ಕುರ್ಚಿ ಕಿರ್ರೆಂದಿತು. ಹೊರಗೆ ರಾಟೆ ತಿರುಗಿಸುತ್ತಿದ್ದ ಹಗ್ಗದಮ್ಮನ ಕೈ ಅಲ್ಲೇ ನಿಂತಿತು.

“ಯಾಕಮ್ಮಾ, ಎದ್ಯಾ?”

“ಇಲ್ಲ ಅತ್ತೆ. ಕಾಲು ಜೋಮು ಹಿಡಿದಿತ್ತು. ಸ್ವಲ್ಪ ಆಚೆ ಈಚೆ ಮಾಡ್ದೆ.”

“ನೀರು ಬೇಕಾ?”

“ಪಕ್ಕದಲ್ಲೇ ಇದೆ.”

“ಹಾಗಾದ್ರೆ ಓದು. ಏಳ್ಬೇಡ. ಏನು ಬೇಕಾದ್ರೂ ಅಲ್ಲಿಂದಲೇ ಕೂಗು. ನಾನೇನು ಸತ್ತಿಲ್ಲವಲ್ಲ.”

ರಾಟೆ ಮತ್ತೆ ತಿರುಗಿತು. ತಿರುಗಿದ್ದು ಕೈ ಮಾತ್ರ, ಕಿವಿ ಒಳಗೇ ಇತ್ತು. ಪುಟ ಮಗುಚಿದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಅದೇ ಪುಟ ಹಿಂದಕ್ಕೆ ಮಗುಚಿದ ಸದ್ದೂ ಕೇಳಿತು. ಆಮೇಲೆ ಮೇಜಿನ ಕಾಲು ಗೋಡೆಗೆ ತಾಗಿ ಟಕ ಟಕ ಟಕ ಎನ್ನತೊಡಗಿತು. ಸೊಸೆ ಮೊಣಕಾಲು ಅಲ್ಲಾಡಿಸುತ್ತಿದ್ದಾಳೆ ಎಂದು ಹಗ್ಗದಮ್ಮನಿಗೆ ಗೊತ್ತು. ಈಚೆಗೆ ದಿನವಿಡೀ ಅದೇ ಸದ್ದು. ಮರಕುಟಿಗ ಮನೆಯೊಳಗೇ ಗೂಡು ಕಟ್ಟಿದಂತಿತ್ತು.

ಅಷ್ಟರಲ್ಲಿ ಬೀದಿಯ ಆ ತುದಿಯಲ್ಲಿ ದಢಾರೆಂದಿತು.

“ಅಯ್ಯೋ, ನನ್ನ ಬಂಡಿ! ಇವತ್ತೂ ಗುದ್ದಿದ್ಯಲ್ಲೋ! ಕೆಂಡ ಬಿದ್ದು ಯಾರದೋ ಅಂಗಿ ಸುಟ್ಟಿದ್ರೆ ನೀನು ಕೊಡಿಸ್ತಿದ್ಯಾ?”

ಅದು ಇಸ್ತ್ರಿಯವಳ ಗಂಟಲು. ಗುದ್ದಿದವನು ಹಗ್ಗದಮ್ಮನ ಮಗ. ಅವನು ಸೊಂಟ ಹಿಡಿದುಕೊಂಡು ಇತ್ತ ತಿರುಗಿ ಅರಚಿದ: “ಅಮ್ಮಾ, ನೀನು ಕೂಗ್ಬೇಕು ತಾನೇ?”

ಹಗ್ಗದಮ್ಮ ನಾಲಿಗೆ ಕಚ್ಚಿಕೊಂಡಳು. ಕೂಗಬೇಕಾದದ್ದು ಅವಳೇ.

ಅವರ ಕಸುಬು ಹಾಗೆ. ಬೀದಿಯ ಒಂದು ಮಗ್ಗುಲಲ್ಲಿ ಗೋದಾಮಿನ ಉದ್ದನೆಯ ಗೋಡೆ, ಇನ್ನೊಂದು ಮಗ್ಗುಲಲ್ಲಿ ಒಂದಕ್ಕೊಂದು ಅಂಟಿಕೊಂಡ ಮನೆಗಳು. ಈ ತುದಿಯಲ್ಲಿ ತಗಡಿನ ಮಾಡಿನ ಕೆಳಗೆ ರಾಟೆ. ನಾರಿನ ಕಟ್ಟನ್ನು ಸೊಂಟಕ್ಕೆ ಸುತ್ತಿಕೊಂಡು, ಅದರ ತುದಿಯನ್ನು ರಾಟೆಯ ಕೊಕ್ಕೆಗೆ ಸಿಕ್ಕಿಸಿ, ಬೆರಳಲ್ಲಿ ನಾರು ಬಿಡುತ್ತಾ ಒಬ್ಬರು ಬೀದಿಯುದ್ದಕ್ಕೂ ಹಿಂದಕ್ಕೆ ನಡೆಯಬೇಕು. ರಾಟೆ ತಿರುಗಿದಂತೆ ನಾರು ಹುರಿಗೊಳ್ಳುತ್ತದೆ. ನಡೆಯುವವರು ಕತ್ತು ತಿರುಗಿಸುವಂತಿಲ್ಲ. ತಿರುಗಿಸಿದರೆ ಬೆರಳು ಸಡಿಲುತ್ತದೆ, ಹುರಿ ಉಬ್ಬುತ್ತದೆ. ಅವರ ಬೆನ್ನ ಹಿಂದೆ ಬಂಡಿ ಇದೆಯೋ, ಮಗು ಇದೆಯೋ, ನಾಯಿ ಮಲಗಿದೆಯೋ ಎಂದು ನೋಡಿ “ಎಡಕ್ಕೆ!” “ನಿಲ್ಲು!” ಎಂದು ಕೂಗುವುದು ರಾಟೆ ಹಿಡಿದವರ ಹೊಣೆ. ನಡೆಯುವವರಿಗೆ ಕಾಲು ಅವರದೇ, ಕಣ್ಣು ಮಾತ್ರ ರಾಟೆಯವರದು.

ಮದುವೆಯಾಗಿ ಬಂದ ಹೊಸತರಲ್ಲೇ ಸೊಸೆ ಈ ನಡಿಗೆಯನ್ನು ಕಲಿತಿದ್ದಳು. ಅತ್ತೆ ಕೂಗಿದಳೆಂದರೆ ಎಡಕ್ಕೆ, ಕೂಗದಿದ್ದರೆ ನೇರಕ್ಕೆ. ಒಮ್ಮೆಯೂ ತಿರುಗಿ ನೋಡಿದವಳಲ್ಲ. ನಡೆಯುತ್ತಾ ಏನೋ ಗುನುಗುತ್ತಿದ್ದಳು. ಹಾಡಿರಬೇಕು ಎಂದು ಹಗ್ಗದಮ್ಮ ಅಂದುಕೊಂಡಿದ್ದಳು. ಒಂದು ದಿನ ಕಿವಿಗೊಟ್ಟು ಕೇಳಿದರೆ, ಅದು ಹೃದಯದ ಪಾಠ!

ಸೊಸೆಗೆ ನರ್ಸ್ ಆಗಬೇಕೆಂಬ ಆಸೆ. ಅದು ಇಂದು ನಿನ್ನೆಯದಲ್ಲ. ಹೆಣ್ಣು ನೋಡಲು ಹೋದಾಗ ಅವಳ ತಾಯಿ ಹಗ್ಗದಮ್ಮನ ಕೈ ಹಿಡಿದು, “ಮಿಕ್ಕಿದ್ದೆಲ್ಲ ನಿಮ್ಮಿಷ್ಟ, ಇವಳ ಓದು ಮಾತ್ರ ನಿಲ್ಲಿಸ್ಬೇಡಿ” ಎಂದಿದ್ದಳು. “ನಿಲ್ಸಲ್ಲ” ಎಂದು ಹಗ್ಗದಮ್ಮ ಮಾತು ಕೊಟ್ಟಿದ್ದಳು. ಆ ತಾಯಿ ಈಗಿಲ್ಲ. ಮಾತು ಹಾಗೇ ಇದೆ. ತರಬೇತಿಗೆ ಸೇರುವ ಪರೀಕ್ಷೆಗೆ ವಯಸ್ಸಿನ ಮಿತಿ ಇದೆ. ಈ ಸಲ ತಪ್ಪಿದರೆ ಮುಗಿಯಿತು, ಇನ್ನೊಂದು ಸಲ ಎಂಬುದಿಲ್ಲ.

ಆದ್ದರಿಂದಲೇ ಪರೀಕ್ಷೆಯ ತಾರೀಖು ಗೊತ್ತಾದ ದಿನ ಹಗ್ಗದಮ್ಮ ಸೊಸೆಯ ಸೊಂಟದಿಂದ ನಾರಿನ ಕಟ್ಟು ಬಿಚ್ಚಿದಳು. “ಇವತ್ತಿಂದ ನೀನು ನಾರು ಮುಟ್ಟೋ ಹಾಗಿಲ್ಲ. ಕಸ ಗುಡಿಸೋ ಹಾಗಿಲ್ಲ. ನೀರು ತರೋ ಹಾಗಿಲ್ಲ. ಪಾಠಕ್ಕೆ ನಡಕೊಂಡು ಹೋಗಿ ಯಾಕೆ ಹೊತ್ತು ಹಾಳು? ನನ್ನ ಮಗ ಬೈಕಲ್ಲಿ ಬಿಟ್ಟು ಬರ್ತಾನೆ. ನೀನು ಓದು, ಅಷ್ಟೇ” ಎಂದಳು. ಒಳಕೋಣೆಯ ಬೆಳಕಿನ ಕಡೆ ಮೇಜು ಹಾಕಿಸಿದಳು. ಕೈಯಿರುವ ಕುರ್ಚಿ ಮನೆಯಲ್ಲಿದ್ದದ್ದು ಒಂದೇ, ಅದನ್ನು ಅಲ್ಲಿಟ್ಟಳು. ಊಟವೂ ಅಲ್ಲಿಗೇ, ಚಹಾವೂ ಅಲ್ಲಿಗೇ.

ಬೀದಿಯಲ್ಲಿ ಹೆಸರಾಯಿತು. “ಅತ್ತೆ ಅಂದ್ರೆ ಹೀಗಿರ್ಬೇಕು ನೋಡಿ” ಎಂದು ಜನ ಹೇಳಿದರು. ಸೊಸೆಯ ಬದಲಿಗೆ ಹಿಂದಕ್ಕೆ ನಡೆಯುವ ಕೆಲಸ ಮಗನ ಪಾಲಿಗೆ ಬಂತು. ಅವನು ಗ್ಯಾರೇಜಿನ ಮೆಕ್ಯಾನಿಕ್. ಬೆಳಿಗ್ಗೆ ಗ್ಯಾರೇಜಿಗೆ ಹೋಗುವ ಮುಂಚೆ ನಡೆಯುತ್ತಿದ್ದ. ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಿದ್ದ. ಅವನು ನಡೆದ ಹುರಿಯನ್ನು ಎತ್ತಿ ಹಿಡಿದರೆ ಇಲಿ ನುಂಗಿದ ಹಾವಿನ ಹಾಗೆ ಅಲ್ಲಲ್ಲಿ ಹೊಟ್ಟೆ.

ಹುರಿ ಹಾಳಾದರೆ ಆಗಲಿ, ಸೊಸೆಗೆ ಓದು ಬಂದರೆ ಸಾಕಿತ್ತು. ಅದೇ ಬರುತ್ತಿರಲಿಲ್ಲ.

ಆ ದಿನ ಮಧ್ಯಾಹ್ನ ಸೊಸೆ ಪಾಠದ ಮನೆಯಿಂದ ಬಂದವಳೇ ಚೀಲವನ್ನು ಮೇಜಿನ ಮೇಲಿಡಲಿಲ್ಲ, ಬಾಗಿಲ ಹಿಂದೆ ಇಟ್ಟಳು. ಹಗ್ಗದಮ್ಮ ರಾಟೆ ಬಿಟ್ಟು ಒಳಗೆ ಬಂದಳು.

“ಇವತ್ತು ಮಾದರಿ ಪರೀಕ್ಷೆ ಅಂದಿದ್ಯಲ್ಲ?”

“ಆಯ್ತು ಅತ್ತೆ.”

“ಹೇಗಾಯ್ತು?”

“ಹೋದ ಸಲಕ್ಕಿಂತ ಕಡಿಮೆ. ಮೇಷ್ಟ್ರು ಕೇಳಿದ್ರು, ಮನೇಲಿ ಓದೋಕೆ ಬಿಡಲ್ವೇನಮ್ಮಾ ಅಂತ.”

ಹಗ್ಗದಮ್ಮನಿಗೆ ಕೆನ್ನೆಗೆ ಹೊಡೆದಂತಾಯಿತು. “ಬಿಡಲ್ವಾ? ನಾನಾ? ನಿನ್ನ ನೆಲದ ಮೇಲೆ ಕಾಲಿಡೋಕೂ ಬಿಡದೆ ಓದಿಸ್ತಿದೀನಲ್ಲ, ಅದನ್ನ ಹೇಳ್ಬೇಕಿತ್ತು!”

“ಹೇಳ್ದೆ. ಗೊತ್ತಿರೋದೇ ಅತ್ತೆ, ಎಲ್ಲಾ ಗೊತ್ತಿರೋದೇ. ಬರೆಯೋಕೆ ಕೂತರೆ ಯಾವುದೂ ಕೈಗೆ ಸಿಗಲ್ಲ. ಓದ್ತಾ ಇದ್ರೆ ಅಕ್ಷರ ಎಲ್ಲ ಇರುವೆ ಹರಿದ ಹಾಗೆ ಹರಿದು ಹೋಗುತ್ತೆ. ಮಲಗಿದ್ರೆ ನಿದ್ದೆ ಇಲ್ಲ. ಕೂತ್ರೆ ತೂಕಡಿಕೆ.” ಅವಳು ಗೋಡೆಗೆ ಒರಗಿದಳು. “ಬೇಡ ಅತ್ತೆ. ನಾನು ಪರೀಕ್ಷೆಗೆ ಹೋಗಲ್ಲ. ನನ್ನ ತಲೆ ಇಷ್ಟೇ ಅಂತ ಕಾಣುತ್ತೆ. ಹುರಿ ನಡೆಯೋದೇ ಸರಿ ನಂಗೆ.”

“ಬಾಯ್ಮುಚ್ಚು. ನಿಮ್ಮಮ್ಮಂಗೆ ನಾನು ಮಾತು ಕೊಟ್ಟಿದೀನಿ.”

“ಮಾತು ಕೊಟ್ಟೋರು ನೀವು. ಬರೀಬೇಕಾದ್ದು ನಾನಲ್ವಾ?”

ಸೊಸೆ ಹಾಗೆ ಎದುರುತ್ತರ ಕೊಟ್ಟದ್ದು ಅದೇ ಮೊದಲು. ಹಗ್ಗದಮ್ಮ ಹೊರಗೆ ಬಂದು ರಾಟೆಗೆ ಕೈ ಹಾಕಿದಳು, ಬಿಟ್ಟಳು. ನಾರಿನ ರಾಶಿ ಕೆದಕಿದಳು, ಬಿಟ್ಟಳು. ಬೀದಿಯ ತುದಿವರೆಗೆ ಹೋಗಿ ತಿರುಗಿ ಬಂದಳು. ಯಾಕೆ ಹೋದಳೆಂದು ಅವಳಿಗೇ ಗೊತ್ತಿರಲಿಲ್ಲ.

ಇಸ್ತ್ರಿಯವಳು ಬಂಡಿಯ ಹಿಂದಿನಿಂದ ಕರೆದಳು. “ಏನಕ್ಕಾ, ಬಾಲ ಸುಟ್ಟ ಬೆಕ್ಕಿನ ಹಾಗೆ ಸುತ್ತುತಿದೀಯಾ?”

ಹಗ್ಗದಮ್ಮ ಹೇಳಿಕೊಂಡಳು. ಇಸ್ತ್ರಿಯವಳು ಅಂಗಿಯ ಕೊರಳಿನ ಮೇಲೆ ಇಸ್ತ್ರಿ ಪೆಟ್ಟಿಗೆ ಒತ್ತಿ, “ನೆನಪಿನ ಶಕ್ತಿಗೆ ಟಾನಿಕ್ ಬರುತ್ತಂತಲ್ಲ. ನನ್ನ ಅಣ್ಣನ ಮಗನಿಗೆ ಕೊಡಿಸಿದ್ರು” ಎಂದಳು.

“ಏನಾಯ್ತು? ನೆನಪು ಬಂತಾ?”

“ಆ ಟಾನಿಕ್ಕಿನ ಹೆಸರೊಂದು ಇವತ್ತಿಗೂ ನೆನಪಿದೆ ಅವನಿಗೆ. ಮಿಕ್ಕಿದ್ದು ಗೊತ್ತಿಲ್ಲ.”

“ಥೂ, ನಿನ್ನ ಬಾಯಿಗಿಷ್ಟು!” ಎಂದು ಹಗ್ಗದಮ್ಮ ನಕ್ಕಳು. ನಗು ಗಂಟಲಿನಿಂದ ಕೆಳಗೆ ಇಳಿಯಲಿಲ್ಲ.

ಆರೋಗ್ಯ ಕೇಂದ್ರದ ನರ್ಸಮ್ಮ ಬಂದದ್ದು ಮರುದಿನ. ಬೀದಿಯಲ್ಲಿ ಬಿ.ಪಿ. ಇರುವವರ ಮನೆಗೆಲ್ಲ ಅವರು ಆಗಾಗ ಬಂದು ನೋಡುತ್ತಿದ್ದರು. ಹಗ್ಗದಮ್ಮನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಮುಳ್ಳು ನೋಡಿ ಹುಬ್ಬು ಗಂಟಿಕ್ಕಿದರು.

“ಏನಮ್ಮಾ ಇದು? ಮಾತ್ರೆ ಬಿಟ್ರಾ?”

“ಮಾತ್ರೆ ಬಿಟ್ಟಿಲ್ಲ, ನಿದ್ದೆ ಬಿಟ್ಟಿದೀನಿ.”

“ಯಾಕೆ?”

ಒಳಗಿನಿಂದ ಟಕ ಟಕ ಟಕ ಕೇಳಿತು. ಹಗ್ಗದಮ್ಮ ಗದ್ದದಿಂದ ಅತ್ತ ತೋರಿಸಿ, “ಅದಕ್ಕೆ” ಎಂದಳು.

ನರ್ಸಮ್ಮ ಒಳಗೆ ಹೋಗಿ ನೋಡಿದರು. ಸೊಸೆ ಎದ್ದು ನಿಲ್ಲಲು ಹೋಗಿ ಜೋಮು ಹಿಡಿದ ಕಾಲಿನಿಂದ ಮೇಜಿಗೆ ಎಡವಿದಳು.

“ಯಾವ ಪಾಠ ಓದ್ತಿದೀಯಮ್ಮಾ?”

“ರಕ್ತ ಪರಿಚಲನೆ.”

“ಎಲ್ಲಿವರೆಗೆ ಬಂತು?”

“ಅಲ್ಲೇ ನಿಂತಿದೆ ಮೇಡಂ. ನಿನ್ನೆಯಿಂದ.”

ನರ್ಸಮ್ಮನಿಗೆ ನಗು ತಡೆಯಲಾಗಲಿಲ್ಲ. “ಪುಸ್ತಕದ್ದು ನಿಂತಿದೆಯೋ, ನಿನ್ನದು ನಿಂತಿದೆಯೋ? ಬೆಳಿಗ್ಗೆಯಿಂದ ಎಷ್ಟು ಸಲ ಎದ್ದೆ?”

ಸೊಸೆ ಅತ್ತೆಯ ಮುಖ ನೋಡಿದಳು. ಹಗ್ಗದಮ್ಮ ಹೆಮ್ಮೆಯಿಂದ ಹೇಳಿದಳು: “ಏಳೋಕೆ ನಾನು ಬಿಡಲ್ಲ ನರ್ಸಮ್ಮಾ. ಬಚ್ಚಲಿಗೆ ಹೋಗೋದು ಬಿಟ್ರೆ ಕುರ್ಚಿ ಬಿಟ್ಟಿಲ್ಲ ಅವಳು.”

“ಮುಂಚೆಯೂ ಹೀಗೇ ಮರೆವಿತ್ತಾ?”

“ಎಲ್ಲಿತ್ತು? ಹುರಿ ನಡೆಯೋವಾಗ ಪುಸ್ತಕ ಇಲ್ಲದೆ ಪಟಪಟ ಹೇಳ್ತಿದ್ಲು. ನಿನ್ನೆಯದಕ್ಕೆ ಹಿಂದಿನ ಮಾದರಿ ಪರೀಕ್ಷೆಯಲ್ಲಿ ಅವಳದೇ ಹೆಚ್ಚು ಅಂಕ. ಇವೆಲ್ಲ ಶುರುವಾಗಿದ್ದು ನಾನು ನಾರು ಬಿಡಿಸಿ…”

ಹಗ್ಗದಮ್ಮ ಸೊಸೆಯನ್ನು ನೋಡಿದಳು, ಕುರ್ಚಿಯನ್ನು ನೋಡಿದಳು. ಆಮೇಲೆ ತಲೆ ಕೊಡವಿದಳು. “ಇಲ್ಲ ಬಿಡಿ. ಅದೆಂಥಾ ಮಾತು? ಓದೋದು ತಲೆ, ನಡೆಯೋದು ಕಾಲು. ಕಾಲಿಗೂ ತಲೆಗೂ ಎಲ್ಲಿಯ ನಂಟು?”

“ಅಮ್ಮಾ, ಕಾಲಿಗೆ ಬೇರೆ ರಕ್ತ, ತಲೆಗೆ ಬೇರೆ ರಕ್ತ ಅಂತ ಇದ್ಯಾ? ಎರಡಕ್ಕೂ ಕಳಿಸೋದು ಒಂದೇ ಹೃದಯ. ಬಿರುಸಾಗಿ ನಡೆದ್ರೆ ಅದು ಚೆನ್ನಾಗಿ ಬಡಿಯುತ್ತೆ, ಮಿದುಳಿಗೂ ರಕ್ತ ಚೆನ್ನಾಗಿ ಹೋಗುತ್ತೆ. ನೆನಪು ಹಿಡಿದಿಡೋ ಜಾಗ ಅಂತ ಮಿದುಳಲ್ಲಿ ಇದೆ. ದಿನಾ ಮೈ ಆಡಿಸಿದ್ರೆ ಆ ಜಾಗಕ್ಕೆ ಒಳ್ಳೇದು ಅಂತ ತಿಳಿದವರು ಪರೀಕ್ಷೆ ಮಾಡಿ ಕಂಡುಕೊಂಡಿದಾರೆ. ಇನ್ನೊಂದು, ಮನಸ್ಸಿನ ಕಳವಳ ಇಳಿಯುತ್ತೆ. ರಾತ್ರಿ ಒಳ್ಳೇ ನಿದ್ದೆ ಬರುತ್ತೆ. ಹಗಲು ಓದಿದ್ದು ತಲೇಲಿ ಗಟ್ಟಿಯಾಗೋದು ನಿದ್ದೇಲಿ.”

“ಹಾಗಾದ್ರೆ ಮೂಟೆ ಹೊರೋರೆಲ್ಲ ಪಂಡಿತರಾಗ್ಬೇಕಿತ್ತಲ್ಲ? ನಾನು ಹುಟ್ಟಿದಾಗಿಂದ ರಾಟೆ ತಿರುಗಿಸ್ತಿದೀನಿ. ನಂಗೇನು ಬಂತು?”

“ಜೊತೆಗೆ ಪುಸ್ತಕಾನೂ ಓದಿದ್ರೆ ಬರ್ತಿತ್ತು. ನಡಿಗೆ ಪಾಠ ಹೇಳಿಕೊಡಲ್ಲಮ್ಮಾ. ಓದಲೇಬೇಕು. ಓದಿದ್ದು ಕೂರೋಕೆ ನಡಿಗೆ ಜಾಗ ಮಾಡಿಕೊಡುತ್ತೆ, ಅಷ್ಟೇ.”

“ಪರೀಕ್ಷೆ ಇನ್ನೇನು ತಲೆ ಮೇಲೆ ಬಂತು. ಈಗ ಬೀದಿ ಸುತ್ತೋಕೆ ಕಳಿಸಿದ್ರೆ ಆ ಹೊತ್ತು ಯಾರು ವಾಪಸ್ ಕೊಡ್ತಾರೆ?”

ನರ್ಸಮ್ಮ ಪಟ್ಟಿಯನ್ನು ಸುತ್ತಿ ಚೀಲಕ್ಕೆ ಹಾಕಿದರು. ವಾದ ಮಾಡಲಿಲ್ಲ. “ಒಂದು ಕೆಲಸ ಮಾಡಿ. ಬೀದಿಯಲ್ಲಿ ಇನ್ನೂ ಕೆಲವು ಮನೆ ನೋಡೋದಿದೆ ನಂಗೆ. ನಾನು ತಿರುಗಿ ಬರೋವರೆಗೆ ನೀವು ಆ ಕುರ್ಚಿಲಿ ಕೂತಿರಿ. ಏಳ್ಬಾರದು. ಆ ಹೃದಯದ ಚಿತ್ರ ಇದೆಯಲ್ಲ, ಅದರ ನಾಲ್ಕು ಕೋಣೆ ಹೆಸರು ಕಲಿತಿರಿ. ನೀವು ಅಕ್ಷರ ಬಲ್ಲೋರು ತಾನೇ?”

“ಕೂರೋದೂ ಒಂದು ಕೆಲಸಾನಾ? ಕೂರ್ತೀನಿ!”

ಹಗ್ಗದಮ್ಮ ಕೂತಳು. ಕುರ್ಚಿ ಮೆತ್ತಗಿತ್ತು. ಆಹಾ, ಇಷ್ಟು ಸುಖ ಕೊಟ್ಟಿದ್ದೀನಲ್ಲ ಇವಳಿಗೆ, ಎಂದುಕೊಂಡಳು. ಪುಸ್ತಕ ಎಳೆದುಕೊಂಡು ಕೈಬೆರಳಿಟ್ಟು ಓದಿದಳು: ಬಲ ಹೃತ್ಕರ್ಣ. ಬಲ ಹೃತ್ಕುಕ್ಷಿ. ಎಡ ಹೃತ್ಕರ್ಣ. ಎಡ ಹೃತ್ಕುಕ್ಷಿ. ಇಷ್ಟೇ ತಾನೇ! ಕಣ್ಣು ಮುಚ್ಚಿ ಹೇಳಿದಳು. ಮೂರು ಬಂತು. ಮತ್ತೆ ಓದಿದಳು. ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿದರು. ಯಾರಿರಬಹುದು? ಏಳುವಂತಿಲ್ಲ. ನಾರು ಬಿಸಿಲಿಗೆ ಹಾಕಿದ್ದೆನೋ ಇಲ್ಲವೋ? ಏಳುವಂತಿಲ್ಲ. ಬೆನ್ನಿನ ಕೆಳಗೆ ಏನೋ ಚುಚ್ಚಿದಂತಾಯಿತು. ಒಂದು ಕಾಲು ಮಡಚಿದಳು, ಬಿಟ್ಟಳು, ಇನ್ನೊಂದನ್ನು ಮಡಚಿದಳು. ಎದುರಿಗಿದ್ದ ಗೋಡೆಯ ಬಿರುಕು ಮೇಲಿಂದ ಇಳಿದು ಎರಡಾಗಿ ಒಡೆದಿತ್ತು. ಅದರ ಜಾಡು ಹಿಡಿದು ಕಣ್ಣು ಎರಡು ಸಲ ಓಡಾಡಿತು. ಹೃತ್ಕರ್ಣ ಮೇಲಿನದೋ ಕೆಳಗಿನದೋ? ಕಣ್ಣ ರೆಪ್ಪೆ ಭಾರವಾಯಿತು. ಟಕ ಟಕ ಟಕ ಎಂದು ಎಲ್ಲೋ ಸದ್ದು. “ಏ ಹುಡುಗೀ, ಮೇಜು ಬಡೀಬೇಡ ಅಂದಿದ್ನಲ್ಲ” ಎಂದು ಗದರಿ ಕಣ್ಣು ಬಿಟ್ಟರೆ, ಸೊಸೆ ಬಾಗಿಲಲ್ಲಿ ನಿಂತಿದ್ದಳು. ಮೇಜು ಬಡಿಯುತ್ತಿದ್ದುದು ಅತ್ತೆಯ ಮೊಣಕಾಲು.

ಸೊಸೆ ಬಾಯಿಗೆ ಕೈ ಅಡ್ಡ ಹಿಡಿದಳು. ಆದರೂ ನಗು ಹೊರಬಿತ್ತು. ಆ ಮನೆಯಲ್ಲಿ ಎಷ್ಟೋ ದಿನಗಳ ಮೇಲೆ ಕೇಳಿದ ನಗು ಅದು.

ನರ್ಸಮ್ಮ ತಿರುಗಿ ಬಂದಾಗ ಹಗ್ಗದಮ್ಮ ಕುರ್ಚಿಯ ಕೈ ಹಿಡಿದು ಏಳುತ್ತಿದ್ದಳು. ಮೊಣಕಾಲು ಲಟಕ್ಕೆಂದಿತು.

“ನಾಲ್ಕು ಕೋಣೆ ಹೇಳಿ ನೋಡೋಣ.”

“ಒಂದು ಅಡುಗೆ ಕೋಣೆ, ಒಂದು ಬಚ್ಚಲು ಕೋಣೆ” ಎಂದಳು ಹಗ್ಗದಮ್ಮ. “ನಗ್ಬೇಡಿ ನರ್ಸಮ್ಮಾ. ಇಷ್ಟು ಹೊತ್ತಿಗೇ ನನ್ನ ತಲೆ ನೆನೆಹಾಕಿದ ನಾರಿನ ಹಾಗಾಯ್ತು. ಈ ಹುಡುಗಿ ಹೇಗೆ ಕೂತಿದ್ಲೋ ಅಷ್ಟು ದಿನ!” ಆಮೇಲೆ ದನಿ ತಗ್ಗಿಸಿ ಸೊಸೆಯನ್ನು ಕೇಳಿದಳು: “ಒಂದು ಮಾತು ಹೇಳ್ಬಾರದಿತ್ತೇನೇ?”

“ನೀವು ಅಷ್ಟು ಮಾಡ್ತಿದ್ರಿ ಅತ್ತೆ. ಹೇಗೆ ಹೇಳ್ಲಿ?”

ನರ್ಸಮ್ಮ ಮಧ್ಯೆ ಬಂದರು. “ಈಗ ಇವಳನ್ನ ಮತ್ತೆ ಇಡೀ ದಿನ ದುಡಿಮೆಗೆ ಹಾಕಿ ಅಂತ ನಾನು ಹೇಳ್ತಿಲ್ಲ. ದಣಿಸೋದು ಬೇರೆ, ಮೈ ಆಡಿಸೋದು ಬೇರೆ. ದಣಿದರೆ ಓದೋಕೆ ಆಗಲ್ಲ. ದಿನಕ್ಕೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಸಾಕು. ಉಸಿರು ಸ್ವಲ್ಪ ಏರಬೇಕು, ಆದ್ರೆ ಮಾತಾಡೋಕೆ ಆಗ್ಬೇಕು, ಅಷ್ಟು ಬಿರುಸು. ಒಂದೇ ಸಲ ಬೇಡ, ಮೂರು ತುಂಡು ಮಾಡಿದ್ರೂ ಆಯ್ತು. ಮಿಕ್ಕ ಹೊತ್ತು ಓದಲಿ, ಆದ್ರೆ ಒಂದು ಪಾಠ ಮುಗಿದ ತಕ್ಷಣ ಎದ್ದು ಕೈಕಾಲು ಆಡಿಸಿ ಮತ್ತೆ ಕೂರಲಿ. ರಾತ್ರಿ ಹೊತ್ತಿಗೆ ಸರಿಯಾಗಿ ಮಲಗಲಿ.”

“ನಾಳೆಗೇ ನೆನಪು ಬರುತ್ತಾ?”

“ಇದೇನು ದೀಪದ ಸ್ವಿಚ್ಚೇನಮ್ಮಾ? ನಾಲ್ಕು ದಿನ ಬಿಡದೆ ಮಾಡಿ.”

ಮರುದಿನ ಬೆಳಿಗ್ಗೆ ಸೊಸೆ ನಾರಿನ ಕಟ್ಟನ್ನು ಸೊಂಟಕ್ಕೆ ಸುತ್ತಿಕೊಂಡಳು. ಮಗನಿಗೆ ಬಿಡುಗಡೆ ಸಿಕ್ಕಿತು. ಬಂಡಿಯ ಹತ್ತಿರ ಹೋಗಿ, “ಇನ್ನು ನಿನ್ನ ಬಂಡಿಗೆ ಆಯಸ್ಸು ಗಟ್ಟಿ” ಎಂದು ಇಸ್ತ್ರಿಯವಳಿಗೆ ಹೇಳಿ ಬಂದ.

ಮೊದಲ ದಿನ ಚೆನ್ನಾಗಿರಲಿಲ್ಲ. ಅರ್ಧ ಬೀದಿಗೇ ಸೊಸೆಗೆ ಏದುಸಿರು ಬಂತು. ಹೃದಯದ ಕೋಣೆ ಕೇಳಿದರೆ ಎರಡು ಬಂತು, ಎರಡು ಬರಲಿಲ್ಲ. ಹಗ್ಗದಮ್ಮನ ಕೈಯಲ್ಲಿ ರಾಟೆ ಒಮ್ಮೆ ಜೋರಾಗಿ, ಒಮ್ಮೆ ನಿಧಾನವಾಗಿ ತಿರುಗಿತು. ತಪ್ಪು ಮಾಡುತ್ತಿದ್ದೇನೆಯೇ? ಈ ಹೊತ್ತಿನಲ್ಲಿ ಒಂದು ಪಾಠ ಆಗುತ್ತಿತ್ತಲ್ಲ? ನಡಿಗೆ ಮುಗಿದ ಕೂಡಲೇ “ಹೋಗು ಹೋಗು, ಕೂತ್ಕೋ” ಎಂದು ಅಟ್ಟಿದಳು. ಒಳಗಿನಿಂದ ಟಕ ಟಕ ಕೇಳುತ್ತದೆಯೇ ಎಂದು ಕಿವಿ ನಿಮಿರಿಸಿ ಕೂತಳು. ಸ್ವಲ್ಪ ಹೊತ್ತು ಕೇಳಲಿಲ್ಲ. ಆಮೇಲೆ ಕೇಳಿತು. ಕೇಳಿದ ತಕ್ಷಣ ತಾನೇ ಬಾಗಿಲಿಗೆ ಹೋಗಿ, “ಎದ್ದೇಳು, ಒಂದು ಕೊಡ ನೀರು ತಂದ್ಬಿಡು” ಎಂದಳು. ಏಳಬೇಡ ಎನ್ನುತ್ತಿದ್ದ ಬಾಯಿಂದ ಏಳು ಎಂದು ಬಂದದ್ದು ಕೇಳಿ ಅವಳಿಗೇ ಮುಜುಗರವಾಯಿತು.

ಪಾಠದ ಮನೆಗೆ ಬೈಕಿನಲ್ಲಿ ಹೋಗುವುದು ನಿಂತಿತು. ಸೊಸೆ ನಡೆದೇ ಹೋದಳು, ನಡೆದೇ ಬಂದಳು.

ದಿನ ಕಳೆದಂತೆ ಒಂದು ಪದ್ಧತಿ ತಾನಾಗಿಯೇ ಕೂತಿತು. ಸೊಸೆ ಕೂತು ಪಾಠ ಓದುವಳು. ಎದ್ದು ಬಂದು ಹುರಿ ನಡೆಯುವಳು. ಪುಸ್ತಕ ಹಗ್ಗದಮ್ಮನ ತೊಡೆಯ ಮೇಲೆ. ಅವಳು ಒಂದು ಕೈಯಲ್ಲಿ ರಾಟೆ ತಿರುಗಿಸುತ್ತಾ, ಇನ್ನೊಂದು ಕೈಯ ಬೆರಳಿಟ್ಟು ಅಕ್ಷರ ಕೂಡಿಸಿಕೊಂಡು ಪ್ರಶ್ನೆ ಕೇಳುವಳು. ಸೊಸೆ ಹಿಂದಕ್ಕೆ ಹೋದಷ್ಟೂ ಅತ್ತೆ ಗಂಟಲು ಏರಿಸಬೇಕು.

“ದೇಹದಿಂದ ಬಂದ ಕೆಟ್ಟ ರಕ್ತ ಮೊದಲು ಎಲ್ಲಿಗೆ ಹೋಗುತ್ತೇ?”

“ಬಲ ಹೃತ್ಕರ್ಣಕ್ಕೇ!”

“ಎಡಕ್ಕೇ!”

“ಇಲ್ಲ ಅತ್ತೆ, ಬಲ ಹೃತ್ಕರ್ಣಕ್ಕೇ!”

“ರಕ್ತ ಅಲ್ಲ ಕಣೇ, ನೀನು ಎಡಕ್ಕೆ ಸರಿ! ಹಿಂದೆ ನಾಯಿ ಮಲಗಿದೆ!”

ಇಡೀ ಬೀದಿ ನಕ್ಕಿತು. ಕೆಲವು ದಿನಗಳಲ್ಲಿ ಬೀದಿಗೆಲ್ಲ ಪಾಠ ಬಾಯಿಪಾಠವಾಯಿತು. ಸೊಸೆ ಉತ್ತರಕ್ಕೆ ತಡವರಿಸಿದರೆ ಇಸ್ತ್ರಿಯವಳು ಬಂಡಿಯ ಹಿಂದಿನಿಂದ, “ಶ್ವಾಸಕೋಶಕ್ಕೆ ಹೋಗುತ್ತೆ, ಹೇಳೇ!” ಎಂದು ಪಿಸುಗುಟ್ಟುವಳು. ಅವಳ ಪಿಸುಮಾತು ಗೋದಾಮಿನ ಆಚೆಗೂ ಕೇಳುವಂಥದು.

ಒಂದು ಮಧ್ಯಾಹ್ನ ಹಗ್ಗದಮ್ಮನ ಕೈ ರಾಟೆಯ ಮೇಲೆ ತಾನಾಗಿ ನಿಂತಿತು. ಏನೋ ಕಡಿಮೆಯಾಗಿದೆ ಅನ್ನಿಸಿತು. ಯೋಚಿಸಿದಳು. ಒಳಗಿನಿಂದ ಟಕ ಟಕ ಇಲ್ಲ. ಎದ್ದು ಹೋಗಿ ಇಣುಕಿದಳು. ಸೊಸೆ ಪುಸ್ತಕದ ಮೇಲೆ ಬಾಗಿದ್ದಳು. ಪುಟ ಮುಂದಕ್ಕೇ ಮಗುಚಿತು, ಹಿಂದಕ್ಕೆ ಬರಲಿಲ್ಲ. ರಾತ್ರಿ ಈಗ ಅವಳು ದಿಂಬಿಗೆ ತಲೆ ಕೊಟ್ಟರೆ ಬೆಳಗ್ಗೆಯೇ ಎಚ್ಚರ ಎಂದು ಮಗ ಹೇಳಿದ್ದ. ಮುಂದಿನ ಮಾದರಿ ಪರೀಕ್ಷೆಯಲ್ಲಿ ಕೆಳಗಿಳಿದಿದ್ದ ಅಂಕ ಮತ್ತೆ ಮೇಲೆ ಬಂತು. ಎಲ್ಲರಿಗಿಂತ ಮೇಲಲ್ಲ, ಆದರೂ ಬಂತು. “ಪರೀಕ್ಷೆಗೆ ಹೋಗಲ್ಲ” ಎಂಬ ಮಾತು ಆಮೇಲೆ ಮನೆಯಲ್ಲಿ ಏಳಲಿಲ್ಲ.

ಹಗ್ಗದಮ್ಮನ ಆತಂಕ ಮಾತ್ರ ಇಳಿಯಲಿಲ್ಲ. ಪರೀಕ್ಷೆಯ ಬೆಳಿಗ್ಗೆ ಬಸ್ಸಿನಲ್ಲಿ ಸೊಸೆಗಿಂತ ಅವಳೇ ಹೆಚ್ಚು ಮಿಸುಕಾಡಿದಳು. ಚೀಲ ತೆಗೆದು ಪೆನ್ನು ಇದೆಯೇ ನೋಡಿದಳು. ಮತ್ತೆ ನೋಡಿದಳು. ಸೊಸೆಯೂ ಕಿಟಕಿಗೆ ತಲೆ ಆನಿಸಿ ಕೈಬೆರಳು ಹಿಸುಕಿಕೊಳ್ಳುತ್ತಿದ್ದಳು. ಮೊಣಕಾಲು ಮೆಲ್ಲಗೆ ಅಲ್ಲಾಡತೊಡಗಿತು.

“ಅತ್ತೆ, ನಂಗೆ ಎಲ್ಲ ಮರೆತು ಹೋದ ಹಾಗಿದೆ.”

ಹಗ್ಗದಮ್ಮ ಆ ಮೊಣಕಾಲನ್ನು ನೋಡಿದಳು. “ಏಳು. ಇಳಿಯೋಣ.”

“ಇನ್ನೂ ಹಿಂದಿನ ಸ್ಟಾಪು ಇದು!”

“ಗೊತ್ತು. ಹೊತ್ತು ಬೇಕಾದಷ್ಟಿದೆ. ಇಳಿ.”

ಬಸ್ಸು ಹೋಯಿತು. ರಸ್ತೆ ಅಗಲವಾಗಿತ್ತು, ಬದಿಯಲ್ಲಿ ಕಲ್ಲುಹಾಸು. ಬೆಳಗಿನ ಹೊತ್ತಾದ್ದರಿಂದ ಜನ ಕಡಿಮೆ. ಸೊಸೆ ಪುಸ್ತಕ ತೆಗೆಯಹೋದಳು. ಅತ್ತೆ ಅದನ್ನು ಕಿತ್ತು ಕಂಕುಳಿಗೆ ಸೇರಿಸಿದಳು. ಆಮೇಲೆ ಸೊಸೆಯ ಎದುರಿಗೆ ನಿಂತು, ಅವಳ ಮುಖ ನೋಡುತ್ತಾ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡತೊಡಗಿದಳು.

ಸೊಸೆ ಗಾಬರಿಯಾದಳು. “ಅತ್ತೆ, ಏನಿದು? ಬಿದ್ದೀರಿ! ನೀವು ಯಾವತ್ತೂ ನಡೆದವರಲ್ಲ, ರಾಟೆ ಹಿಡಿದವರು!”

“ಇವತ್ತು ನಾನು ನಡೀತೀನಿ. ನೀನು ನೋಡ್ಕೋ. ತಿರುಗಿ ನೋಡೋಳಲ್ಲ ನಾನು. ಹೇಳು, ದೇಹದಿಂದ ಬಂದ ರಕ್ತ ಮೊದಲು ಎಲ್ಲಿಗೆ?”

“ಬಲ ಹೃತ್ಕರ್ಣಕ್ಕೆ. ಅತ್ತೆ, ಕಂಬ, ಎಡಕ್ಕೆ!”

ಅತ್ತೆ ಎಡಕ್ಕೆ ಸರಿದಳು. ತಿರುಗಿ ನೋಡಲಿಲ್ಲ. “ಅಲ್ಲಿಂದ?”

“ಬಲ ಹೃತ್ಕುಕ್ಷಿ. ಅಲ್ಲಿಂದ ಶ್ವಾಸಕೋಶ. ನಿಲ್ಲಿ, ಸೈಕಲ್ ಬರ್ತಿದೆ… ಹೂಂ, ಬನ್ನಿ.”

ಹಾಗೇ ಬಂದರು. ಮೊದಲು ಮೆಲ್ಲಗೆ, ಆಮೇಲೆ ಸ್ವಲ್ಪ ಬಿರುಸಾಗಿ. ದಾರಿಹೋಕರು ನಿಂತು ನೋಡಿದರು. ಪರೀಕ್ಷಾ ಕೇಂದ್ರದ ಗೇಟಿನ ಬಳಿ ಬರೆಯಲು ಬಂದವರೆಲ್ಲ ಮೆಟ್ಟಿಲ ಮೇಲೆ ಬೆನ್ನು ಬಾಗಿಸಿ ಕೂತು ಪುಟ ತಿರುವುತ್ತಿದ್ದರು. ಅವರ ನಡುವೆ ಈ ಇಬ್ಬರೂ ಏದುಸಿರು ಬಿಡುತ್ತಾ, ಕೆಂಪೇರಿದ ಮುಖದಲ್ಲಿ ಬಂದು ನಿಂತರು. ಸೊಸೆ ಈಗ ಬೆರಳು ಹಿಸುಕಿಕೊಳ್ಳುತ್ತಿರಲಿಲ್ಲ. ಒಂದು ಗುಟುಕು ನೀರು ಕುಡಿದು ಒಳಗೆ ಹೋದಳು. ಅವಳೂ ತಿರುಗಿ ನೋಡಲಿಲ್ಲ.

ಸೊಸೆ ಈಗ ನರ್ಸಿಂಗ್ ತರಬೇತಿಯಲ್ಲಿದ್ದಾಳೆ. ಆಯ್ಕೆಯಾದವರಲ್ಲಿ ಅವಳ ಹೆಸರು ಮೇಲೂ ಇರಲಿಲ್ಲ, ಕೆಳಗೂ ಇರಲಿಲ್ಲ, ನಡುವೆ ಎಲ್ಲೋ ಇತ್ತು. ಹಗ್ಗದಮ್ಮ ಬೀದಿಯಲ್ಲೆಲ್ಲ “ನನ್ನ ಸೊಸೆ ನಡೆದೇ ಪಾಸಾದ್ಲು” ಎಂದು ಸಾರಿಕೊಂಡು ಬಂದಾಗ ಸೊಸೆ ತಿದ್ದಿದಳು: “ಹಾಗೆ ಹೇಳ್ಬೇಡಿ ಅತ್ತೆ. ಓದಿದ್ದಕ್ಕೆ ಪಾಸಾದೆ. ನಡೆದಿದ್ದಕ್ಕೆ ಓದಿದ್ದು ಉಳೀತು.” ರಜೆಯಲ್ಲಿ ಬಂದಾಗ ಈಗಲೂ ಅವಳು ಹುರಿ ನಡೆಯುತ್ತಾಳೆ. ಆ ಒಳ್ಳೆಯ ಕುರ್ಚಿ ತಗಡಿನ ಮಾಡಿನ ಕೆಳಗೆ ಬಂದಿದೆ. ಅದರ ಮೇಲೆ ನಾರು ಒಣಗುತ್ತದೆ.

ಇದನ್ನು ಓದುತ್ತಿರುವ ತಾಯಂದಿರೇ, ತಂದೆಯರೇ, ಅತ್ತೆ ಮಾವಂದಿರೇ, ನಿಮ್ಮ ಮನೆಯಲ್ಲೂ ಪರೀಕ್ಷೆಗೆ ಓದುವವರು ಇರಬಹುದು. ಅವರ ಮೇಲಿನ ಪ್ರೀತಿಯಿಂದಲೇ ನೀವು ಅವರ ಆಟ ನಿಲ್ಲಿಸಿರಬಹುದು, ಸೈಕಲ್ ಒಳಗಿಟ್ಟು ಬೀಗ ಹಾಕಿರಬಹುದು. ಆ ಬೀಗ ತೆಗೆಯಿರಿ. ದಿನಕ್ಕೆ ಅರ್ಧ ಗಂಟೆಯಾದರೂ ಬಿರುಸಾಗಿ ನಡೆಯಲಿ, ಓಡಲಿ, ಹಗ್ಗ ಜಿಗಿಯಲಿ, ಕುಣಿಯಲಿ, ಅವರಿಗೆ ಯಾವುದು ಖುಷಿಯೋ ಅದು. ಬೆಳೆಯುವ ಮಕ್ಕಳಾದರೆ ಅದಕ್ಕಿಂತ ಹೆಚ್ಚೇ ಆಡಲಿ. ಒಂದು ಪಾಠ ಮುಗಿದರೆ ಎದ್ದು ಮೈಮುರಿದು ಮತ್ತೆ ಕೂರಲಿ. ಪರೀಕ್ಷೆ ಹತ್ತಿರ ಬಂತೆಂದು ನಿದ್ದೆ ಕದಿಯಬೇಡಿ. ಎದೆನೋವು, ಉಬ್ಬಸ, ಕೀಲುನೋವು ಇದ್ದವರು ಮೊದಲು ಆರೋಗ್ಯ ಕೇಂದ್ರದಲ್ಲಿ ಕೇಳಿ ಶುರುಮಾಡಿ. ಹಿಂದಕ್ಕೆ ನಡೆಯುವುದು ಹಗ್ಗದಮ್ಮನ ಮನೆಯವರ ಕಸುಬು. ನೀವು ಮುಂದಕ್ಕೇ ನಡೆಯಿರಿ, ಲಾಭ ಎರಡರಿಂದಲೂ ಒಂದೇ.

ಈಗಲೇ ಒಮ್ಮೆ ಒಳಕೋಣೆಗೆ ಇಣುಕಿ ನೋಡಿ. ಮೇಜಿನ ಕೆಳಗೆ ಮೊಣಕಾಲು ಅಲ್ಲಾಡುತ್ತಿದ್ದರೆ ಗದರಬೇಡಿ. ಆ ಕಾಲು ನಿಮ್ಮನ್ನು ಏನೋ ಕೇಳುತ್ತಿದೆ. ಬಾಗಿಲು ತೆರೆದು “ಏಳು, ಒಂದು ಸುತ್ತು ಹೋಗಿ ಬರೋಣ” ಅನ್ನಿ. ಒಬ್ಬರನ್ನೇ ಕಳಿಸಬೇಡಿ, ನೀವೂ ಚಪ್ಪಲಿ ಮೆಟ್ಟಿಕೊಳ್ಳಿ.